ಹೊಟ್ಟೆಯ ಹಿಟ್ಟು, ಜುಟ್ಟಿನ ಮಲ್ಲಿಗೆ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆಯನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಬಡವನ ಗುಡಿಸಲಲ್ಲಿ ಹಾರ್ಮೋನಿಯಂ ಕಂಡರೆ ಸಾಕು, ಗಾದೆ ತಾನಾಗಿ ನಾಲಿಗೆಗೆ ಬರುತ್ತದೆ. ಅದರ ಹಿಂದೆ ಒಂದು ತತ್ವವೇ ಅಡಗಿದೆ. ಮೊದಲು ಅನ್ನ, ಆಮೇಲೆ ಬಟ್ಟೆ, ಸೂರು. ಇವೆಲ್ಲ ಆಗಿ ಏನಾದರೂ ಮಿಕ್ಕರೆ ಹಾಡು, ಚಿತ್ರ. ಈ ಸರತಿ ಸರಿಯೇ? ಮನುಷ್ಯನ ಹಳೆಯ ವಸತಿಗಳನ್ನು ಹೊಕ್ಕು ನೋಡಿದರೆ ನಮಗೆ ಹಾಗೆ ಅನಿಸುವುದಿಲ್ಲ.

ದಕ್ಷಿಣ ಜರ್ಮನಿಯ ಸ್ವಾಬಿಯನ್ ಜೂರಾ ಬೆಟ್ಟಸಾಲಿನಲ್ಲಿ ಹೋಲೆ ಫೆಲ್ಸ್ ಎಂಬ ಗವಿಯಿದೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ನಿಕೋಲಸ್ ಕೊನಾರ್ಡ್ ಮತ್ತು ಸಂಗಡಿಗರಿಗೆ 2008ರಲ್ಲಿ ಅಲ್ಲಿ ಮೂಳೆಯ 12 ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಅದೊಂದು ಕೊಳಲು! ರಣಹದ್ದಿನ ರೆಕ್ಕೆಯ ಮೂಳೆ, ಸುಮಾರು 22 ಸೆಂಟಿಮೀಟರ್ ಉದ್ದ, ಬೆರಳಿಡಲು ಐದು ತೂತು. ತೂತುಗಳ ಬಳಿ ಸಣ್ಣ ಗೀರುಗಳಿವೆ. ಎಲ್ಲಿ ಕೊರೆಯಬೇಕೆಂದು ಅಳೆದು ಹಾಕಿಕೊಂಡ ಗುರುತುಗಳಿರಬೇಕು. ಅದರ ವಯಸ್ಸು 35 ಸಾವಿರ ವರ್ಷಗಳಿಗೂ ಹೆಚ್ಚು. ಸಮೀಪದ ಗೈಸೆನ್‌ಕ್ಲೋಸ್ಟರ್ಲೆ ಗವಿಯ ಇನ್ನೊಂದು ಕೊಳಲು ಮ್ಯಾಮತ್ ಆನೆಯ ದಂತದ್ದು. ಹಕ್ಕಿಯ ಮೂಳೆ ಹುಟ್ಟಿನಿಂದಲೇ ಟೊಳ್ಳು, ದಂತ ಹಾಗಲ್ಲ. ಅದನ್ನು ಉದ್ದಕ್ಕೆ ಸೀಳಿ, ಎರಡೂ ಹೋಳುಗಳ ಒಳಗನ್ನು ಕೆತ್ತಿ ತೆಗೆದು, ಗಾಳಿ ಸೋರದಂತೆ ಮತ್ತೆ ಅಂಟಿಸಬೇಕು. ಅದೂ ಕಲ್ಲಿನ ಉಳಿಯಿಂದ.

ಅದು ಹಿಮಯುಗ. ಬೇಟೆ ಸಿಕ್ಕರೆ ಊಟ, ಬೆಂಕಿ ಆರಿದರೆ ಸಾವು. ಅಂಥ ದಿನಗಳಲ್ಲಿ ಒಬ್ಬ ಅಥವಾ ಒಬ್ಬಳು ಹಗಲುಗಟ್ಟಲೆ ಕೂತು ದಂತ ಕೆತ್ತುತ್ತಿದ್ದರೆಂದರೆ, ಆ ಹೊತ್ತು ಅವರ ಪಾಲಿನ ಮಾಂಸವನ್ನು ಬೇರೆ ಯಾರೋ ತಂದಿರಬೇಕು. 'ಸೋಮಾರಿ' ಎಂದು ಬೈಯದೆ ತಂದಿರಬೇಕು. ನಮ್ಮನ್ನು ಕೊಳಲಿಗಿಂತ ಹೆಚ್ಚು ಕಾಡುವುದು ಈ ಕಾಣದ ಬೇಟೆಗಾರನೇ.

ಸಂಗೀತ ಜನರನ್ನು ಒಗ್ಗೂಡಿಸುತ್ತಿತ್ತು, ದೊಡ್ಡ ಗುಂಪುಗಳಾಗಿ ಬದುಕಲು ನೆರವಾಗುತ್ತಿತ್ತು ಎಂದು ಸಂಶೋಧಕರು ವಿವರಿಸುತ್ತಾರೆ. ಇರಬಹುದು. ಆದರೆ ಇಂಥ ವಿವರಣೆಯಲ್ಲಿ ಒಂದು ಜಿಪುಣತನವಿದೆ. ಉಪಯೋಗದ ರಸೀದಿ ತೋರಿಸದಿದ್ದರೆ ಹಾಡಿಗೆ ಒಳಗೆ ಪ್ರವೇಶವಿಲ್ಲವೇ? ತಾಯಿ ಮಗುವಿಗೆ ಜೋಗುಳ ಹಾಡುವಾಗ ಮಗು ಮಲಗುತ್ತದೆ, ನಿಜ. ಮಲಗಿದ ಮೇಲೂ ಆಕೆ ಇನ್ನೆರಡು ಸಾಲು ಹಾಡುತ್ತಾಳಲ್ಲ, ಅದಕ್ಕೇನು ಹೇಳೋಣ?

ಇನ್ನೊಂದು ಪ್ರಸಂಗ. ಉತ್ತರ ಸ್ಪೇನಿನ ಅಲ್ತಮೀರಾ ಗವಿಯನ್ನು 1879ರಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುಓಲಾ ಎಂಬ ಜಮೀನುದಾರ ಶೋಧಿಸುತ್ತಿದ್ದರು. ಅವರ ಕಣ್ಣು ನೆಲದ ಮೇಲೆ, ಕಲ್ಲಿನ ಆಯುಧಗಳಿಗಾಗಿ. ತಲೆಯೆತ್ತಿ ಛಾವಣಿ ನೋಡಿದ್ದು ಎಂಟು ವರ್ಷದ ಮಗಳು ಮರಿಯಾ. ಅಲ್ಲಿ ಕೆಮ್ಮಣ್ಣಿನ ಬಣ್ಣದ ಕಾಡುಕೋಣಗಳ ಹಿಂಡೇ ಇತ್ತು. ಮರುವರ್ಷ ಸೌತುಓಲಾ ಇದು ಆದಿಮಾನವರ ಕೃತಿಯೆಂದು ಪ್ರಕಟಿಸಿದಾಗ ಯುರೋಪಿನ ಪಂಡಿತರು ನಂಬಲಿಲ್ಲ. ಯಾರೋ ಇತ್ತೀಚಿನ ಚಿತ್ರಕಾರನ ಕೈಚಳಕ ಎಂದರು, ಮೋಸದ ಆರೋಪ ಹೊರಿಸಿದರು. ಆ ಕಳಂಕ ಹೊತ್ತೇ ಅವರು 1888ರಲ್ಲಿ ತೀರಿಕೊಂಡರು. ಮುಂದೆ ಫ್ರಾನ್ಸಿನ ಗವಿಗಳಲ್ಲೂ ಇಂಥ ಚಿತ್ರಗಳು ಸಿಗತೊಡಗಿದವು. ವಿರೋಧಿಗಳಲ್ಲಿ ಪ್ರಮುಖರಾಗಿದ್ದ ಎಮಿಲ್ ಕಾರ್ತಯಾಕ್ 1902ರಲ್ಲಿ ತಮ್ಮ ತಪ್ಪನ್ನು ಬರಹದಲ್ಲೇ ಒಪ್ಪಿಕೊಂಡರು. ದೊಡ್ಡ ಗುಣವೇ, ಆದರೆ ಕೇಳಬೇಕಾದವರು ಆಗ ಇರಲಿಲ್ಲ.

ಪಂಡಿತರಿಗೆ ಪುರಾವೆ ಸಾಲದೆ ಹೋದದ್ದಕ್ಕಿಂತ, ಚಿತ್ರಗಳು ಅತಿ ಚೆನ್ನಾಗಿದ್ದದ್ದೇ ಅಡ್ಡಿಯಾಯಿತು ಎಂಬುದನ್ನು ಗಮನಿಸಬೇಕು. ಚರ್ಮ ಹೊದ್ದ 'ಅನಾಗರಿಕ'ನಿಗೆ ಇಷ್ಟು ನವಿರಾದ ಕೈ ಎಲ್ಲಿಂದ ಬರಬೇಕು? ಹಸಿದವನಿಗೆ ಸೌಂದರ್ಯದ ಅರಿವಿಲ್ಲ ಎಂಬ ಅದೇ ಗಾದೆಯ ಮಾತು, ಫ್ರೆಂಚ್ ಉಡುಪಿನಲ್ಲಿ. ಅಲ್ತಮೀರಾ ಒಪ್ಪಿತವಾದ ಮೇಲೂ ಈ ಅಹಂಕಾರ ಪೂರ್ತಿ ಇಳಿಯಲಿಲ್ಲ. ಕಲೆ ಹುಟ್ಟಿದ್ದೇ ಯುರೋಪಿನ ಗವಿಗಳಲ್ಲಿ ಎಂಬ ನಂಬಿಕೆಯಾಗಿ ಅದು ಬಹುಕಾಲ ಬಾಳಿತು. 2024ರಲ್ಲಿ ಇಂಡೋನೇಷ್ಯಾದ ಸುಲವೇಸಿ ದ್ವೀಪದ ಲಿಯಾಂಗ್ ಕರಂಪುಆಂಗ್ ಗವಿಯ ಚಿತ್ರವೊಂದಕ್ಕೆ ಕನಿಷ್ಠ 51,200 ವರ್ಷ ಎಂದು ತಿಳಿಯಿತು. ಒಂದು ಕಾಡುಹಂದಿ, ಅದರ ಸುತ್ತ ಮೂರು ಮನುಷ್ಯಾಕೃತಿಗಳು. ಏನೋ ಕತೆ ಹೇಳುತ್ತಿರುವಂತಿದೆ.

ಹಾಗಂತ 'ಮೊದಲಿಗರು ನಾವು ಏಷ್ಯಾದವರು' ಎಂದು ಎದೆ ತಟ್ಟಿಕೊಳ್ಳುವುದೂ ಬೇಡ. ಆ ಹಂದಿಯನ್ನು ಬರೆದವನಿಗೆ ಏಷ್ಯಾ ಗೊತ್ತಿರಲಿಲ್ಲ.

ಕೇಳುವ ಕಿವಿಯೂ ಇರಬೇಕಲ್ಲ. ಫ್ರಾನ್ಸಿನ ಮರ್ಸುಲಾ ಗವಿಯಲ್ಲಿ 1931ರಲ್ಲಿ ಸಿಕ್ಕ ದೊಡ್ಡ ಶಂಖವನ್ನು ಕುಡಿಯುವ ಪಾತ್ರೆಯೆಂದು ಭಾವಿಸಲಾಗಿತ್ತು. ಸುಮಾರು 80 ವರ್ಷ ಅದು ಟುಲೂಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಮೂಕವಾಗಿ ಕೂತಿತ್ತು. ತುದಿಯನ್ನು ಬೇಕೆಂದೇ ಒಡೆದು ಊದಲು ಅನುವು ಮಾಡಿದ್ದು ಆಮೇಲೆ ಕಂಡಿತು. ವಾದಕರೊಬ್ಬರಿಂದ ಊದಿಸಿದಾಗ ಮೂರು ಸ್ವರಗಳು ಹೊರಟವು. ಸುಮಾರು 18 ಸಾವಿರ ವರ್ಷಗಳ ಮೌನದ ನಂತರ! ಈ ಸಂಗತಿ ಪ್ರಕಟವಾದದ್ದು 2021ರಲ್ಲಿ.

ಇಷ್ಟು ದೂರ ಹೋದವರು ಬಳ್ಳಾರಿಗೆ ಬರದೆ ಇರಲಾಗದು. ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಡೊಲೆರೈಟ್ ಎಂಬ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅದೇ ಕಲ್ಲಿನ ಬಂಡೆಗಳ ಮೇಲೆ ದನಗಳನ್ನು ಕೊರೆದರು. ಕೆಲವು ಬಂಡೆಗಳಲ್ಲಿ ಬಡಿದು ಬಡಿದು ಸವೆದ ಕುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ಮೊಳಗುತ್ತದೆ. ಪುರಾತತ್ವಜ್ಞೆ ನಿಕೋಲ್ ಬೊವಾನ್ ಅವರು 2004ರಲ್ಲಿ ಈ ಬಂಡೆಗಳ ಬಗ್ಗೆ ಬರೆದಾಗಲೇ ಕಲ್ಲುಗಣಿ ಬೆಟ್ಟದ ಕೆಲವು ಭಾಗಗಳನ್ನು ಕೆಡಿಸಿತ್ತು. ಕಲ್ಲು ಒಡೆಯುವವನಿಗೂ ಸಂಜೆಗೆ ಕೂಲಿ ಬೇಕು, ಅವನನ್ನು ನಾವು ದೂರುವಂತಿಲ್ಲ. ಆದರೆ ಹಾಡುವ ಕಲ್ಲು ಬೇಕೋ ಹಿಟ್ಟು ಬೇಕೋ ಎಂದು ಅವನ ಮುಂದೆ ಪ್ರಶ್ನೆಯಿಟ್ಟವರು ಯಾರು? ಕೊಡಲಿ ಮಾಡಿದವರಿಗೆ ಆ ಬೆಟ್ಟದಲ್ಲಿ ಎರಡೂ ಇದ್ದವು.