ಹಗುರ ಕೋವಿ, ಭಾರದ ಲೆಕ್ಕ

‘ಭಾರ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ತಕ್ಕಡಿಯಲ್ಲಿಟ್ಟು ತೂಗಬಹುದಾದದ್ದು ಒಂದು. ಹೊಣೆ ಎನ್ನುವುದು ಇನ್ನೊಂದು. ಮನೆಯ ಭಾರ ಹಿರಿಮಗನ ಮೇಲೆ ಬಿತ್ತು ಎಂದಾಗ ಎಷ್ಟು ಕಿಲೋ ಎಂದು ಯಾರೂ ಕೇಳುವುದಿಲ್ಲ. ಮೊದಲನೆಯ ಬಗೆಯ ಭಾರವನ್ನು ಇಳಿಸಿಕೊಳ್ಳಲು ಮನುಷ್ಯ ಸದಾ ಹೆಣಗಿದ್ದಾನೆ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಲ್ಲುವ ಸಲಕರಣೆ ಹಗುರವಾದಾಗ ಕೊಲ್ಲುವ ಹೊಣೆಯೂ ಹಗುರವಾಗುತ್ತದೆಯೇ? ಕೋವಿಯೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಓದುಗರೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ನಾನು ಬೇಟೆಗಾರನಲ್ಲ, ಬ್ಯಾಂಕಿನ ಗುಮಾಸ್ತ. ಗಡಹಿಂಗ್ಲಜದ ಕನ್ನಡ ಮನೆಯಲ್ಲಿ ಬೆಳೆದು, ಹಗಲೆಲ್ಲ ಮರಾಠಿಯಲ್ಲಿ ವ್ಯವಹರಿಸಿ, ಮನಸ್ಸಿನಲ್ಲಿ ಕನ್ನಡದಲ್ಲೇ ಲೆಕ್ಕ ಕೂಡುವವನು. ನಿಮ್ಮಲ್ಲಿ ಮಲಯಾಳ ಇರುವ ಜಾಗದಲ್ಲಿ ನಮಗೆ ಮರಾಠಿ. ಉಳಿದಂತೆ ನಮ್ಮ ಪಾಡು ಒಂದೇ. ದಿನವೂ ಹತ್ತಿರದಿಂದ ನಾನು ಕಂಡ ಆಯುಧವೆಂದರೆ ಶಾಖೆಯ ಕಾವಲುಗಾರರ ಜೋಡುನಳಿಗೆಯ ಹನ್ನೆರಡು ಬೋರಿನ ಕೋವಿ. ಬೋರ್ ಎಂದರೇನೆಂದು ತಿಳಿಸಿದವರೂ ಅವರೇ: ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು. ಕೋವಿಯ ಹೆಸರಿನಲ್ಲೇ ಒಂದು ತೂಕದ ಲೆಕ್ಕ ಅಡಗಿದೆ ಎಂದಾಯಿತು. ಸೈನ್ಯದಿಂದ ನಿವೃತ್ತರಾಗಿ ಬಂದ ಅವರನ್ನು, ಇದಕ್ಕಿಂತ ಹಗುರವಾದದ್ದು ಸಿಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. “ಸಿಗುತ್ತದೆ. ಆದರೆ ಹೊರುವಾಗ ಉಳಿಸಿದ್ದನ್ನು ಹೊಡೆಯುವಾಗ ಕೊಡಬೇಕಾಗುತ್ತದೆ” ಎಂದರು.

ಈ ಮಾತು ಶಾಸ್ತ್ರಕ್ಕೂ ಒಪ್ಪುವಂಥದು. ಗುಂಡು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಅದೇ ತೋಟೆಯನ್ನು ನಾಲ್ಕು ಕಿಲೋ ತೂಕದ ಕೋವಿಯ ಬದಲು ಮೂರು ಕಿಲೋ ತೂಕದ ಕೋವಿಯಲ್ಲಿ ಹಾರಿಸಿದರೆ, ಒದೆತದ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಭಾರ ಎಲ್ಲಿಯೂ ಕರಗಿ ಹೋಗಲಿಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗವಾಯಿತು, ಅಷ್ಟೆ. ಒದೆತಕ್ಕೆ ಹೆದರಿದ ಭುಜ ಕುದುರೆ ಎಳೆಯುವ ಮೊದಲೇ ಬೆಚ್ಚುತ್ತದೆ, ಗುರಿ ಒಂದು ಗೇಣು ಜರುಗುತ್ತದೆ. ಆಗ ಮಿಕ್ಕ ಬಾಕಿಯನ್ನು ತೀರಿಸುವುದು ಎದೆಗೆ ಬದಲಾಗಿ ಹೊಟ್ಟೆಗೆ ಗುಂಡು ತಿಂದು ಪೊದೆ ಸೇರಿದ ಪ್ರಾಣಿ.

ಸಹ್ಯಾದ್ರಿಯಂಥ ದಟ್ಟ ಕಾಡಿನಲ್ಲಿ ದೊಡ್ಡ ಪ್ರಾಣಿ ಕಣ್ಣಿಗೆ ಬೀಳುವುದು ಇಪ್ಪತ್ತು ಮೂವತ್ತು ಹೆಜ್ಜೆಯ ಅಂತರದಲ್ಲಿ. ಅಷ್ಟು ಹತ್ತಿರದಲ್ಲಿ ಚಟಕ್ಕನೆ ಎತ್ತಿ ಹೊಡೆಯಲು ಹಗುರ ಕೋವಿ ಬೇಕು. ಅಂಥ ಪ್ರಾಣಿಯನ್ನು ಕೆಡವಲು ಭಾರದ ಗುಂಡು ಬೇಕು. ಹತ್ತೊಂಬತ್ತನೆಯ ಶತಮಾನದ ಎಂಟು ಬೋರಿನ ಜೋಡು ರೈಫಲುಗಳು ಏಳು ಕಿಲೋ ಆಸುಪಾಸು ತೂಗುತ್ತಿದ್ದವು. ಭಾರತದಲ್ಲಿ ಸೇನಾಧಿಕಾರಿಯಾಗಿದ್ದ ಜಾರ್ಜ್ ಫಾಸ್ಬೆರಿ ಎಂಬವನು 1885ರಲ್ಲಿ ಇದಕ್ಕೊಂದು ಉಪಾಯ ಹುಡುಕಿ ಪೇಟೆಂಟ್ ಪಡೆದನು. ನಳಿಗೆಯ ಒಳಮೈಯೆಲ್ಲ ನುಣುಪು, ಬಾಯಿಯ ಬಳಿಯ ಕೆಲವೇ ಅಂಗುಲಗಳಲ್ಲಿ ಮಾತ್ರ ತಿರುಚುಗೆರೆಗಳು. ಅದೇ ಕೋವಿಯಿಂದ ಹಕ್ಕಿಗೆ ಚರೆಯನ್ನೂ ಹಾರಿಸಬಹುದು, ನೂರು ಗಜದೊಳಗೆ ದೊಡ್ಡ ಪ್ರಾಣಿಗೆ ಭಾರದ ಗುಂಡನ್ನೂ ಹಾರಿಸಬಹುದು. ತೂಕ ಮೂರೂವರೆ ಕಿಲೋ ಆಸುಪಾಸು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಅದನ್ನು ತಯಾರಿಸಿ ‘ಪ್ಯಾರಡಾಕ್ಸ್’ ಎಂಬ ಹೆಸರಿನಲ್ಲಿ ಮಾರಿತು. ಪ್ಯಾರಡಾಕ್ಸ್ ಎಂದರೆ ವಿರೋಧಾಭಾಸ. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ನಳಿಗೆಯ ವಿಚಿತ್ರ. ನನಗೆ ಮಾತ್ರ ಅದು ಬೇಟೆಯ ವಿಚಿತ್ರಕ್ಕೂ ಸಲ್ಲುವ ಹೆಸರೆಂದು ತೋರುತ್ತದೆ.

ಆ ವಿಚಿತ್ರ ನಮ್ಮ ಜಿಲ್ಲೆಯಲ್ಲೇ ಕಾಣಸಿಗುತ್ತದೆ. ಕೊಲ್ಲಾಪುರದ ಹೊಸ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವರು ಹೊಟ್ಟು ತುಂಬಿದ ಪ್ರಾಣಿಗಳನ್ನು ನೋಡಿರುತ್ತಾರೆ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಹಿಂದುಳಿದವರ ಪಾಲಿಗೆ ಬೆಳಕಾದ ಅರಸರು. ಬೇಟೆಯಲ್ಲೂ ಅಷ್ಟೇ ಪ್ರಸಿದ್ಧರು. ಅವರ ಮನೆತನದ ಬೇಟೆಯ ಕಾಡಾಗಿದ್ದ ದಾಜೀಪುರ 1958ರಲ್ಲಿ ಅಭಯಾರಣ್ಯವಾಯಿತು; ಇಂದಿನ ಮಹಾರಾಷ್ಟ್ರದ ಮೊದಲ ಅಭಯಾರಣ್ಯ ಅದೇ. ಈಗ ರಾಧಾನಗರಿ ಎಂಬ ಹೆಸರಿನಲ್ಲಿ 351 ಚದರ ಕಿಲೋಮೀಟರ್ ವ್ಯಾಪಿಸಿದ್ದು, 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಅದೂ ಒಂದು. ಮರಾಠಿಯ ಗವಾ, ನಿಮ್ಮ ಕಡೆಯ ಕಾಟಿ, ಪುಸ್ತಕದ ಕಾಡುಕೋಣ ಅಲ್ಲಿ ಉಳಿದುಕೊಂಡಿದೆ. ಅರಸರ ಕೋವಿ ಇದ್ದುದರಿಂದ ಬೇರೆಯವರ ಕೋವಿ, ಕೊಡಲಿಗಳು ಆ ಕಾಡಿಗೆ ಸುಲಭವಾಗಿ ಹೋಗಲಾಗಲಿಲ್ಲ. ಕೊಂದವರೇ ಕಾದರು ಎಂಬುದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ನಡೆದ ಸಂಗತಿ.

ಬೇಟೆಯನ್ನು ನಾನು ಸಮರ್ಥಿಸುತ್ತಿಲ್ಲ. ಮೋಜಿಗಾಗಿ ಜೀವ ತೆಗೆಯುವುದಕ್ಕೆ ಯಾವ ವಾದವೂ ಸಾಲದು. ಆದರೆ ಹತ್ತಿರದ ಬೇಟೆಯಲ್ಲಿ ಒಂದು ನಿಯಮವಿತ್ತು: ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರಬಾರದು, ಹುಡುಕಿ ಹೋಗಿ ನೋವು ಮುಗಿಸಬೇಕು, ತನ್ನ ಜೀವಕ್ಕೆ ಅಪಾಯವಿದ್ದರೂ ಸರಿ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ರ ಕಥೆಗಳನ್ನು, ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಪುಸ್ತಕವನ್ನು ಓದಿದ ನಿಮಗೆ ಬೇಟೆಯ ಆ ಲೋಕ ಹೊಸದಲ್ಲ. ಮೂವತ್ತು ಹೆಜ್ಜೆಯಲ್ಲಿ ನಿಂತವನಿಗೆ ಪ್ರಾಣಿಯ ಕಣ್ಣು ಕಾಣುತ್ತದೆ, ಉಸಿರು ಕೇಳುತ್ತದೆ. ತಾನು ಮಾಡಿದ್ದು ಏನೆಂದು ಅವನಿಗೆ ತಿಳಿಯದೆ ಇರುವುದಿಲ್ಲ. ಹೊಣೆಗೆ ಬೇಕಾದ ಮೊದಲ ಗುಣ ಈ ತಿಳಿವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕಾಡುಕೋಣದ ಬೇಟೆ ಅಪರಾಧ. ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ. ಆದರೆ ಕೈಚಳಕಕ್ಕೆ ನಮ್ಮಲ್ಲಿ ಬರವಿಲ್ಲ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗಗಳನ್ನು ಲೇತಿನಲ್ಲಿ ಕಡೆಯುವ ಒಬ್ಬ ಕನ್ನಡಿಗರು ನಮ್ಮ ಶಾಖೆಯ ಗ್ರಾಹಕರಾಗಿದ್ದರು. ಕಾಡಂಚಿನ ರೈತನೊಬ್ಬ ಅವರ ಬಳಿ ಬಂದು, ಹೊಲದಲ್ಲಿ ಒಂದೇ ಕೈಯಲ್ಲಿ ಹಿಡಿದು ಓಡಾಡುವಂಥ ಹಗುರ ನಳಿಗೆ ಮಾಡಿಕೊಡುವಿರಾ ಎಂದು ಕೇಳಿದನಂತೆ. “ನಳಿಗೆ ತಿರುವಲು ನನಗೆ ಬರುತ್ತದೆ. ತಿರುವಿ ಕೊಟ್ಟ ಮೇಲೆ ಅದು ಯಾವ ಕಡೆ ತಿರುಗುತ್ತದೆಂದು ಹೇಳಲು ಬರುವುದಿಲ್ಲ” ಎಂದು ಅವರು ಕಳಿಸಿಕೊಟ್ಟರು. ಮಾಡುವವನಿಗೂ ಹೊಣೆಯುಂಟು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಆ ರೈತ ಬರಿಗೈಯಲ್ಲಿ ಹೋದ. ಅವನ ಸಿಟ್ಟು ಮಾತ್ರ ಅವನೊಡನೆಯೇ ಹೋಗಿರಬೇಕು. ಇಂಥ ಸಿಟ್ಟಿಗೆ ಕೋವಿಗಿಂತಲೂ ಹಗುರವಾದ ಸಲಕರಣೆಗಳಿವೆ. ಉರುಳಿನ ತಂತಿ ಒಂದು ಹಿಡಿ ತೂಗುವುದಿಲ್ಲ. ಬೇಲಿಗೆ ಕದ್ದು ಕೊಟ್ಟ ವಿದ್ಯುತ್ತಿಗೆ ತೂಕವೇ ಇಲ್ಲ. ಇವುಗಳ ದೊಡ್ಡ ಅನುಕೂಲವೆಂದರೆ ಕೊಲ್ಲುವವನು ಅಲ್ಲಿ ಇರಬೇಕಾಗಿಯೂ ಇಲ್ಲ. ಅವನು ಮನೆಯಲ್ಲಿ ನಿದ್ರಿಸಬಹುದು. ತಂತಿ ಹಂದಿಗೂ ಹಸುವಿಗೂ ನೆರೆಮನೆಯ ಹುಡುಗನಿಗೂ ಭೇದವೆಣಿಸದು. 2020ರ ಮೇ ತಿಂಗಳಲ್ಲಿ ನಿಮ್ಮ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸ್ಫೋಟಕ ತುಂಬಿದ ತಿನಿಸು ಕಚ್ಚಿ ಬಾಯಿ ಒಡೆದುಕೊಂಡ ಗರ್ಭಿಣಿ ಆನೆ ವೆಳ್ಳಿಯಾರ್ ಹೊಳೆಯಲ್ಲಿ ನಿಂತಲ್ಲೇ ಪ್ರಾಣ ಬಿಟ್ಟಿತು. ಅದನ್ನು ಹಿಂಬಾಲಿಸಿ ಹೋಗಿ ನೋವು ಮುಗಿಸುವ ಬೇಟೆಗಾರ ಅಲ್ಲಿರಲಿಲ್ಲ.

ಆಯುಧವೇ ಇಲ್ಲದೆಯೂ ಕೊಲ್ಲಬಹುದು. ಅದೇ 2020ರ ಡಿಸೆಂಬರಿನಲ್ಲಿ ಪುಣೆಯ ಕೋಥ್ರೂಡ್ ಬಡಾವಣೆಗೆ ಒಂದು ಕಾಡುಕೋಣ ಬಂದಿತು. ಮೊಬೈಲ್ ಹಿಡಿದ ಜನ ನೆರೆದರು. ಗಂಟೆಗಟ್ಟಲೆ ಓಡಿ ಬಳಲಿದ ಪ್ರಾಣಿ, ಅರಿವಳಿಕೆ ಕೊಟ್ಟು ಹಿಡಿದ ಬಳಿಕ ಸತ್ತಿತು. ಅದನ್ನು ಕೊಲ್ಲಬೇಕೆಂದು ಬಂದವರು ಒಬ್ಬರೂ ಇರಲಿಲ್ಲ. ನೂರಾರು ಮಂದಿಯಲ್ಲಿ ಹಂಚಿಹೋದ ಭಾರ ಯಾರ ಭುಜಕ್ಕೂ ತಾಗಲಿಲ್ಲ.

ಹಾಗಾದರೆ ಪರಿಹಾರ ಎಲ್ಲಿದೆ? 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿ, ನಗರಸಭೆಗಳ ಮುಖ್ಯಸ್ಥರಿಗೆ ನೀಡಿತು. ವಿಷ, ಸ್ಫೋಟಕ, ವಿದ್ಯುತ್ತು ಬಳಸಬಾರದೆಂದೂ ವಿಧಿಸಿತು. ಗುಮಾಸ್ತನಾದ ನನಗೆ ಇದರಲ್ಲಿ ಹಿಡಿಸಿದ್ದು ಲಿಖಿತದ ಅಂಶ. ಅನುಮತಿ ಕೊಟ್ಟವರ ಸಹಿ ಇದೆ, ಹಾರಿಸಿದವರ ಹೆಸರಿದೆ, ಕೋವಿಗೆ ಪರವಾನಗಿ ಇದೆ. ಉರುಳಿಗೆ ಸಹಿ ಇಲ್ಲ. ಆದರೂ ಬರಹವೊಂದನ್ನೇ ನಂಬುವಂತಿಲ್ಲ ಎಂಬುದನ್ನೂ ಗುಮಾಸ್ತನೇ ಬಲ್ಲ. ಸಹಿ ಹಾಕಿದವರು ‘ನಾನು ಹಾರಿಸಲಿಲ್ಲ’ ಎನ್ನಬಹುದು. ಹಾರಿಸಿದವರು ‘ಆಜ್ಞೆಯಿತ್ತು’ ಎನ್ನಬಹುದು. ಆಗ ಕಾಗದವೇ ಎಲ್ಲಕ್ಕಿಂತ ಹಗುರವಾದ ಕೋವಿಯಾಗುತ್ತದೆ. ಸಹಿ ಮಾಡಿದವರು ಒಮ್ಮೆಯಾದರೂ ಹೊಲಕ್ಕೆ ಹೋಗಿ, ಬಿದ್ದ ಪ್ರಾಣಿಯನ್ನು ಕಣ್ಣಾರೆ ನೋಡಿ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಕೊಲ್ಲಲೇಬಾರದು ಎನ್ನುವವರ ಮಾತನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಈ ಶತಮಾನದ ಆರಂಭದಿಂದ ಕರ್ನಾಟಕದ ಕಡೆಯ ಆನೆಗಳು ಚಂದಗಡ, ಆಜರಾ ತಾಲೂಕುಗಳಿಗೆ ಬರತೊಡಗಿವೆ, ಕಾಡುಕೋಣಗಳಂತೂ ಅಲ್ಲಿಯವೇ. ಅವಕ್ಕೆ ರಾಜ್ಯದ ಗಡಿಯೂ ಇಲ್ಲ, ಭಾಷೆಯ ಜಗಳವೂ ಇಲ್ಲ. ಒಂದು ರಾತ್ರಿಯಲ್ಲಿ ಕಬ್ಬು ಕಳೆದುಕೊಂಡವನು ಬೆಳೆಸಾಲದ ಪಾಸುಪುಸ್ತಕ ಹಿಡಿದು ನನ್ನ ಕಿಂಡಿಯ ಮುಂದೆ ನಿಂತಾಗ ಬಡ್ಡಿ ನಿಲ್ಲುವುದಿಲ್ಲ. ಪರಿಹಾರದ ಹಣ ಖಾತೆಗೆ ಬಂದಾಗ ಅವನ ಮುಖವನ್ನೂ ಕಂಡಿದ್ದೇನೆ, ಬಾರದಿದ್ದಾಗಲೂ ಕಂಡಿದ್ದೇನೆ. ಪಟ್ಟಣದಲ್ಲಿ ಕುಳಿತು ಅದೇ ಕಬ್ಬಿನ ಸಕ್ಕರೆ ತಿನ್ನುವವನ ಅಹಿಂಸೆ ಬಹಳ ಹಗುರ, ಏಕೆಂದರೆ ಅದರ ಒದೆತ ಬೇರೆಯವನ ಭುಜಕ್ಕೆ. ಅಹಿಂಸೆ ಬೇಕೆನ್ನುವ ಸಮಾಜ ಅದರ ಬೆಲೆಯನ್ನು ಹಂಚಿಕೊಳ್ಳಬೇಕು: ಬೇಗ ಸಿಗುವ ಪರಿಹಾರ, ಗಟ್ಟಿ ಕಂದಕ, ರಾತ್ರಿ ಕಾವಲಿಗೆ ಕೂಲಿ. ಇವೆಲ್ಲ ಖರ್ಚಿನ ಬಾಬತ್ತುಗಳು, ಭಾರದವು.

ಆದುದರಿಂದ ಹಗುರವಾದ ಉಪಾಯವೊಂದನ್ನು ಯಾರಾದರೂ ತಂದಾಗ, ಕೋವಿಯಾಗಲಿ, ತಂತಿಯಾಗಲಿ, ಆಜ್ಞೆಯಾಗಲಿ, ಉಪದೇಶವಾಗಲಿ, ಇಳಿದ ಭಾರ ಯಾರ ಹೆಸರಿಗೆ ಬರೆಯಲ್ಪಟ್ಟಿತು ಎಂದು ನಾವು ಕೇಳಬೇಕು. ಆ ಹೆಸರು ಬಾಯಿಲ್ಲದ ಪ್ರಾಣಿಯದೋ, ಕಾಡಂಚಿನ ರೈತನದೋ ಆಗಿದ್ದರೆ ಲೆಕ್ಕ ಇನ್ನೂ ಮುಗಿದಿಲ್ಲ. ಸಂಖ್ಯೆಯಲ್ಲಿ ಕಡಿಮೆಯವರಾಗಿ ಬಾಳುವ ನಿಮಗೂ ನಮಗೂ ಈ ಪ್ರಶ್ನೆ ಅಪರಿಚಿತವಲ್ಲ. ಹೆಚ್ಚಿನವರು ತಮ್ಮ ಅನುಕೂಲಕ್ಕೆ ಇಳಿಸಿಟ್ಟ ಎಷ್ಟೋ ಭಾರಗಳು ನಮ್ಮ ಮನೆಯ ಜಗಲಿಯ ಮೇಲೆಯೂ ಇವೆ.