*ಇಂದಿನ ಧಮ್ಮ ಚಿಂತನೆ: ಅಂಗಳದ ಕಸ ಯಾರು ಗುಡಿಸಬೇಕು?*





ಮಾಘ ಹುಣ್ಣಿಮೆ ಕಳೆದಿದೆ. ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಮಧ್ಯಾಹ್ನ ಆಗಲೇ ಬಿಸಿಲು ಚುರುಗುಟ್ಟುತ್ತಿದೆ. ಕಲಬುರಗಿಯ ನಮ್ಮ ಮನೆ ಮುಂದಿನ ಬೇವಿನ ಮರ ಎಲೆ ಉದುರಿಸುತ್ತಿದೆ. ಹೊಸ ಚಿಗುರು ಬರುವ ಮುಂಚೆ ಅಂಗಳ ಹಸನು ಮಾಡಿ, ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಬೇಕು. ಈಗ ಚೆಂಡು ಹೂವಿನ ಬೀಜ ಹಾಕಿದರೆ ಸುಮಾರು ಎರಡು ತಿಂಗಳಿಗೆ ಹೂವು. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಭಾವಚಿತ್ರಕ್ಕೆ ನಮ್ಮ ಅಂಗಳದ್ದೇ ಮಾಲೆ.

ಪ್ರತಿ ವರ್ಷ ಈ ಕೆಲಸಕ್ಕೆ ಒಬ್ಬ ತಾಯಿಯನ್ನು ಕೂಲಿಗೆ ಕರೆಯುತ್ತಿದ್ದೆ. ಹೋದ ವರ್ಷ ಅವರು ಕಸ ಗುಡಿಸಿ, ಕಳೆ ಕಿತ್ತು, ಕುಡಿಯಲು ನೀರು ಕೇಳಿದರು. ನಾನು ಗೇಟಿನ ಹತ್ತಿರವೇ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟೆ. ನಾವು ಕುಡಿಯುವ ಸ್ಟೀಲ್ ಲೋಟ ಒಳಗೇ ಇತ್ತು. ಯಾಕೆ ಹಾಗೆ ಮಾಡಿದೆನೋ, ಆಗ ಯೋಚಿಸಲೂ ಇಲ್ಲ.

ಬಾಗಿಲಲ್ಲಿ ಕೂತಿದ್ದ ನಮ್ಮವ್ವ ಮೆಲ್ಲಗೆ ಅಂದಳು: "ನಮಗೂ ಹೀಂಗೇ ಹೊರಗೇ ಕೊಡ್ತಿದ್ರು, ತಮ್ಮಾ."

ಅವ್ವ ಚಿಕ್ಕವಳಿದ್ದಾಗ ಊರಿನ ದೊಡ್ಡ ಮನೆಯ ಅಂಗಳ ಗುಡಿಸಿದವಳು. ಆ ಮನೆಯ ಹೊಸ್ತಿಲು ಒಂದು ದಿನವೂ ದಾಟಲಿಲ್ಲ. ನಾನು ನೌಕರಿ ಸೇರಿದ ಮೇಲೆ ಕಸಬರಿಗೆ ಮುಟ್ಟಿರಲಿಲ್ಲ. ಓಣಿಯವರು ನೋಡಿದರೆ "ಇವರ ಕೆಲಸವೇ ಇದು" ಅಂದಾರು ಎಂಬ ಅಂಜಿಕೆ. ದೀಕ್ಷೆ ತಗೊಂಡಿದ್ದೆ, 22 ಪ್ರತಿಜ್ಞೆ ಬಾಯಿಪಾಠ ಇತ್ತು. ಆದರೂ ಆ ಹೊಸ್ತಿಲನ್ನು ನನ್ನ ಗೇಟಿನಲ್ಲಿ ನಾನೇ ಕಟ್ಟಿದ್ದೆ.

ಹಾಗಾದರೆ ಕೂಲಿ ಕೊಟ್ಟು ಕರೆಯುವುದೇ ತಪ್ಪೇ? ಅಲ್ಲ. ಕರೆಯದಿದ್ದರೆ ಆ ತಾಯಿಗೆ ಒಂದು ದಿನದ ಕೂಲಿ ತಪ್ಪುತ್ತದೆ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೇಲು ಕೀಳು ಮಾಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟರು. ಕಸಬರಿಗೆಯಲ್ಲಿ ಕೀಳು ಇಲ್ಲ. ಅದನ್ನು ಹಿಡಿದವರಿಗೆ ಬೇರೆ ಲೋಟ ಇಟ್ಟ ನನ್ನ ಮನಸ್ಸಿನಲ್ಲಿತ್ತು.

ಸಮ್ಯಕ್ ವ್ಯಾಯಾಮದಲ್ಲಿ ಬುದ್ಧರು ನಾಲ್ಕು ಪ್ರಯತ್ನ ಹೇಳಿದ್ದಾರೆ:

1. ಹುಟ್ಟದ ಕೆಡುಕು ಹುಟ್ಟದಂತೆ ತಡೆಯುವುದು
2. ಹುಟ್ಟಿದ ಕೆಡುಕನ್ನು ಬಿಡುವುದು
3. ಹುಟ್ಟದ ಒಳಿತನ್ನು ಹುಟ್ಟಿಸುವುದು
4. ಹುಟ್ಟಿದ ಒಳಿತನ್ನು ಬೆಳೆಸುವುದು

ಅಂಗಳದ ಕೆಲಸವೂ ಇದೇ. ನಾವು ಕಾಂಗ್ರೆಸ್ ಕಸ ಅನ್ನುವ ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಬಿಟ್ಟರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ತುರಿಕೆ, ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಮನಸ್ಸಿನ ಕಳೆಯೂ ಅಷ್ಟೇ. ನಮ್ಮದೇ ಮನೆಯೊಳಗೆ ಸಣ್ಣದಾಗಿ ಕಾಣುವಾಗಲೇ ಕೀಳದಿದ್ದರೆ, ನಮ್ಮ ಮಕ್ಕಳು ನೋಡಿ ಕಲಿಯುತ್ತಾರೆ.

ಈ ಭಾನುವಾರ ಆ ತಾಯಿಯನ್ನು ಮತ್ತೆ ಕರೆದೆ. ಅವರು ಕಳೆ ಕಿತ್ತರು, ನಾನು ಗುಡಿಸಿದೆ. ಓಣಿಯವರು ನೋಡಿದರು, ನೋಡಲಿ. ಬೇವಿನೆಲೆ ಸುಡಲಿಲ್ಲ, ತೇವ ಉಳಿಯಲೆಂದು ಗಿಡಗಳ ಬುಡಕ್ಕೆ ಹಾಸಿದೆವು. ಆಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತು ಚಹಾ ಕುಡಿದೆವು. ಲೋಟಗಳನ್ನು ಅವ್ವನೇ ತಂದಿಟ್ಟಳು. ಎಲ್ಲವೂ ಸ್ಟೀಲಿನವು.

*ಇಂದಿನ ಅಭ್ಯಾಸ:* ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಯಾವ ಲೋಟದಲ್ಲಿ, ಎಲ್ಲಿ ಕೂತು ನೀರು ಕುಡಿಯುತ್ತಾರೆ? ಇವತ್ತು ಒಮ್ಮೆ ಗಮನಿಸಿ.

ಭವತು ಸಬ್ಬ ಮಂಗಲಂ 🌼
ಜೈ ಭೀಮ್