ಮಣಿಕಟ್ಟಿನ ಅಂಕಿ ಯಾವ ಪ್ರಮಾಣ?

ಜಿಪಿಎಸ್ ವಾಚು ತೋರಿಸುವ ದೂರ, ವೇಗ, ಎದೆಬಡಿತಗಳನ್ನು ಓಟಗಾರರು ಕಣ್ಣಾರೆ ಕಂಡ ಸತ್ಯದಂತೆ ನಂಬುತ್ತಾರೆ. ನ್ಯಾಯದರ್ಶನದ ಪ್ರಕಾರ ಅದು ಪ್ರತ್ಯಕ್ಷವಲ್ಲ, ಅನುಮಾನ, ಅಂದರೆ ಗುರುತು ಹಿಡಿದು ಊಹಿಸಿದ ಅರಿವು. ಬೆಟ್ಟದಲ್ಲಿ ಹೊಗೆ ಕಂಡಿತು, ಆದ್ದರಿಂದ ಬೆಂಕಿಯಿದೆ ಎಂಬುದು ನೈಯಾಯಿಕರ ಹಳೆಯ ಉದಾಹರಣೆ. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ತಲುಪಿದ ಹೊತ್ತನ್ನು ಹಿಡಿದು ವಾಚೂ ಹಾಗೆಯೇ ತಾನಿರುವ ಜಾಗವನ್ನು ಊಹಿಸುತ್ತದೆ. ಆ ಲೆಕ್ಕದಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ.

ಹೊಗೆಗೂ ಬೆಂಕಿಗೂ ಇರುವ ಬಿಡದ ನಂಟಿಗೆ ವ್ಯಾಪ್ತಿ ಎಂದು ಹೆಸರು. ವಾಚಿನ ಊಹೆ ನಿಂತಿರುವುದೂ ಸಂಕೇತದ ಹೊತ್ತಿಗೂ ದೂರಕ್ಕೂ ಇರುವ ಅಂಥ ನಂಟಿನ ಮೇಲೆ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ, ಗುಬ್ಬಿ ಕಡೆಯ ಹೆದ್ದಾರಿಯಲ್ಲಿ ಆಕಾಶ ಬಯಲು. ಸಂಕೇತ ನೇರವಾಗಿ ಬರುತ್ತದೆ, ವ್ಯಾಪ್ತಿ ಕೆಡುವುದಿಲ್ಲ. ಅಲ್ಲಿ ಓಡುವವರಿಗೆ ಸಾಧಾರಣ ಬೆಲೆಯ ವಾಚು ಧಾರಾಳವಾಗಿ ಸಾಕು. ತುಮಕೂರಿನಿಂದ ದೇವರಾಯನದುರ್ಗ ಹತ್ತುವವರ ಮಾತು ಬೇರೆ. ಅಲ್ಲಿ ಮರಗಳು ಸಂಕೇತವನ್ನು ಮಂಕಾಗಿಸುತ್ತವೆ, ಬಂಡೆಗೆ ಬಡಿದು ಬಂದ ಸಂಕೇತ ತಡವಾಗಿ ತಲುಪುತ್ತದೆ. ಎಲ್1, ಎಲ್5 ಎಂಬ ಎರಡೂ ಆವರ್ತನ ಹಿಡಿಯುವ ವಾಚು ಇಂಥ ಕಡೆ ಹೆಚ್ಚು ನಂಬಿಕಸ್ತ. ಬ್ಯಾಟರಿ ಉಳಿಸಲೆಂದು ಬಿಟ್ಟು ಬಿಟ್ಟು ಜಾಗ ಗುರುತಿಸುವ ವಾಚು ಘಟ್ಟದ ತಿರುವುಗಳನ್ನು ಅಡ್ಡ ಕತ್ತರಿಸಿ ದೂರವನ್ನು ಕಡಿಮೆ ತೋರಿಸುತ್ತದೆ. ಎತ್ತರಕ್ಕೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಬೇಕು. ಅದೂ ಅನುಮಾನವೇ: ಹವೆ ಬದಲಾಗಿ ಒತ್ತಡ ಇಳಿದರೆ, ನಿಂತಲ್ಲೇ ನಿಂತವರನ್ನೂ ಅದು ಬೆಟ್ಟ ಹತ್ತಿಸುತ್ತದೆ.

ಎದೆಬಡಿತದಲ್ಲಿ ಹೇತ್ವಾಭಾಸ, ಅಂದರೆ ಕಾರಣದಂತೆ ಕಾಣುವ ಸುಳ್ಳು ಕಾರಣ, ತೀರ ಸ್ಪಷ್ಟ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುವ ವಾಚು, ಪಟ್ಟಿ ಸಡಿಲವಾದರೆ ಕಾಲ ಹೆಜ್ಜೆಯ ಅಲುಗಾಟವನ್ನೇ ನಾಡಿ ಎಂದು ಎಣಿಸಿಬಿಡಬಹುದು. ನಿಮಿಷಕ್ಕೆ 170 ಹೆಜ್ಜೆ, 170 ಬಡಿತ! ಮಂಜನ್ನು ಹೊಗೆಯೆಂದು ತಿಳಿದಂತೆ. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವ ಎದೆಪಟ್ಟಿಗೆ ಈ ತೊಂದರೆ ಇಲ್ಲ.

ಇಂದು ಎಷ್ಟು ಗಂಟೆ ವಿಶ್ರಾಂತಿ ಬೇಕು ಎಂದು ವಾಚು ಹೇಳುವುದನ್ನು ಒಪ್ಪುವುದು ಶಬ್ದಪ್ರಮಾಣ, ಅಂದರೆ ಆಪ್ತನ ಮಾತನ್ನು ನಂಬಿ ಅರಿಯುವುದು. ಇದ್ದದ್ದನ್ನು ಇದ್ದಂತೆ ಅರಿತು ಹೇಳುವವನೇ ಆಪ್ತ. ಲೆಕ್ಕದ ಬಗೆಯನ್ನು ಬಿಚ್ಚಿಡದ ಯಂತ್ರಕ್ಕೆ ಆ ಸ್ಥಾನ ಕೊಡಲಾಗದು. ಸುಖದುಃಖಗಳು ಮನಸ್ಸಿನ ಮೂಲಕ ನೇರವಾಗಿ ತಿಳಿಯುತ್ತವೆ ಎನ್ನುತ್ತದೆ ನ್ಯಾಯದರ್ಶನ. ಮೀನಖಂಡದ ನೋವು, ಮಾತಾಡಲಾಗದ ಏದುಸಿರು ಅಂಥ ಮಾನಸಪ್ರತ್ಯಕ್ಷ. ಬಲವಾದ ಪ್ರತ್ಯಕ್ಷ ಎದುರು ನಿಂತಾಗ ಅನುಮಾನ ಬಾಧಿತವಾಗುತ್ತದೆ, ಅಂದರೆ ಬಿದ್ದುಹೋಗುತ್ತದೆ. ಮೈ ಸಾಕೆಂದಾಗ ಅಂಕಿ ನಂಬಿ ಓಡುವುದು ತರ್ಕದ ಪ್ರಕಾರವೇ ತಪ್ಪು. ಹಾಗೆಂದು ಮೈಯ ಮಾತೂ ಸದಾ ನಿಜವಲ್ಲ. ಹಗ್ಗ ಹಾವಾಗಿ ಕಾಣುವುದುಂಟು. ಓಟದ ಮೊದಲ ಕಿಲೋಮೀಟರಿನಲ್ಲಿ ಅತಿವೇಗವೂ ಹಗುರವೆನಿಸುತ್ತದೆ. ಆಗ ತಡೆಯಬೇಕಾದದ್ದು ವಾಚಿನ ಅಂಕಿಯೇ. ಹಾಗಾಗಿ ಕೊಳ್ಳುವಾಗ ಬಿಸಿಲಿನಲ್ಲೂ ಒಂದೇ ನೋಟಕ್ಕೆ ವೇಗ ಓದಲು ಬರುವ ಪರದೆ, ಬೆವರಿದ ಬೆರಳಿಗೂ ಸಿಗುವ ಗುಂಡಿ ಇವೆಯೇ ಎಂದು ಮೊದಲು ನೋಡಬೇಕು.